ಚೀನಾದ ಲಡಿಯಲ್ಲಿ ಗಂಟಿರಲಿಲ್ಲ

ನನ್ನ ಮೇಜಿನ ಡ್ರಾಯರಿನಲ್ಲಿ ರೇಷ್ಮೆ ನೂಲಿನ ಒಂದು ಪುಟ್ಟ ಲಡಿ ಇದೆ. ಬೆಳ್ಳಗಿದೆ, ನವಿರಾಗಿದೆ, ಬೆರಳುಗಳ ನಡುವೆ ಎಳೆದರೆ ಎಲ್ಲಿಯೂ ತಡೆಯುವುದಿಲ್ಲ. ನಮ್ಮ ಶಿಡ್ಲಘಟ್ಟದ ಚರಕದ ನೂಲಿನ ಸ್ವಭಾವವೇ ಬೇರೆ; ಅದು ಹಳದಿ ಮೈಯದು, ಪೇಟೆಗೆ ಹೊರಟ ನಮ್ಮೂರಿನವರ ಹಾಗೆ ಅಲ್ಲೊಂದು ಇಲ್ಲೊಂದು ಗಂಟಿನ ಹತ್ತಿರ ನಿಂತು, ಮಾತಾಡಿಸಿಕೊಂಡೇ ಮುಂದೆ ಹೋಗುತ್ತದೆ. ಈ ಬಿಳಿ ಲಡಿ ಚೀನಾದ್ದು. ಓದುಗ ಮಿತ್ರರೇ, ನಾನು ಚೀನಾವನ್ನು ಅರ್ಥಮಾಡಿಕೊಂಡಿದ್ದೇನೆ ಎಂಬ ನನ್ನ ಬಹುಕಾಲದ ಭ್ರಮೆಯನ್ನು ಬಿಡಿಸಿದ್ದು ಇದೇ.

ತೊಂಬತ್ತರ ದಶಕದ ಮೊದಲ ವರ್ಷಗಳವು. ವಾಸ ಶಿಡ್ಲಘಟ್ಟದಲ್ಲಿ, ಕೆಲಸ ಚಿಂತಾಮಣಿಯ ಒಂದು ಕಾಲೇಜಿನಲ್ಲಿ. ಮದನಪಲ್ಲಿಯಿಂದಾಚೆಗೆ ಕಾಲಿಡದ ನಾನು, ವರ್ಷವರ್ಷವೂ ಆಧುನಿಕ ಚೀನಾದ ರಾಜಕೀಯವನ್ನು ಅಲ್ಲೇ ಹುಟ್ಟಿ ಬೆಳೆದವನ ಗತ್ತಿನಲ್ಲಿ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿಗಳಿಗೆ ಗುಬ್ಬಚ್ಚಿಗಳ ಪಾಠವೆಂದರೆ ಬಲು ಪ್ರೀತಿ. ಗುಬ್ಬಚ್ಚಿಗಳು ಕಾಳು ತಿನ್ನುತ್ತವೆಂದು ಅಲ್ಲಿನ ಸರ್ಕಾರ ಸಿಟ್ಟಾಗಿ, ದೇಶಕ್ಕೆ ದೇಶವೇ ತಟ್ಟೆ ತಮಟೆ ಬಡಿದು ಅವುಗಳನ್ನು ಕೂರಗೊಡದೆ ಓಡಿಸಿ ಕೊಂದದ್ದು, ಆಮೇಲೆ ಹಿಡಿಯುವವರಿಲ್ಲದೆ ಹುಳುಗಳು ಪೈರನ್ನೇ ಮೇಯ್ದದ್ದು. ಹುಡುಗರು ನಗುತ್ತಿದ್ದರು. ದೊಡ್ಡವರ ದಡ್ಡತನವನ್ನು ಕಂಡು ನಾನೂ ದೊಡ್ಡ ಮನಸ್ಸಿನಿಂದ ನಗುತ್ತಿದ್ದೆ.

ನನ್ನ ಮನೆಯ ಗೋಡೆಯಾಚೆಗೆ ಖಲೀಲ್ ಸಾಹೇಬರ ನೂಲು ಬಿಚ್ಚುವ ಶೆಡ್ಡು. ಒಂದೇ ಚರಕ, ಒಂದೇ ಒಲೆ. ಕುದಿಯುವ ನೀರಿನ ಬಾಂಡಲಿಯ ಮುಂದೆ ಕೂತು ರೇಷ್ಮೆಗೂಡುಗಳಿಂದ ಎಳೆ ಹಿಡಿಯುವವಳು ನಾರಾಯಣಮ್ಮ. ಹಿಂದೆ ನಿಂತು ಚರಕ ತಿರುಗಿಸುವವಳು ಹಸೀನಾ. ಒಬ್ಬಳದು ತೆಲುಗು ಬೆರೆತ ಕನ್ನಡ, ಇನ್ನೊಬ್ಬಳದು ಕನ್ನಡ ಬೆರೆತ ಉರ್ದು. ಬೆಳಗಿನಿಂದ ಸಂಜೆಯವರೆಗೆ ಅವರಿಬ್ಬರ ಮಾತು ಮುಗಿದದ್ದನ್ನು ನಾನು ಕೇಳಿಲ್ಲ.

ಹೀಗಿರುವಾಗ ಚೀನಾದ ನೂಲು ಬಂತು. ನೇಯುವವರೆಲ್ಲ ಅದರ ಹಿಂದೆ ಬಿದ್ದರು. ಸಾಹೇಬರ ನೂಲು ಮೊಳೆಯಲ್ಲಿ ನೇತಾಡುತ್ತಾ ಉಳಿಯಿತು. ಒಂದು ದಿನ ಅವರು ಈ ಲಡಿಯನ್ನು ಹಿಡಿದು ನನ್ನ ಬಾಗಿಲಿಗೆ ಬಂದರು.

"ನೋಡಿ ಮೇಷ್ಟ್ರೇ, ದೀಪ ಹಾಕ್ಕೊಂಡು ಹುಡುಕಿದ್ರೂ ಒಂದು ಗಂಟಿಲ್ಲ. ನಮ್ಮ ನೂಲೂ ಹಿಂಗೆ ಬರ್ಲಿಲ್ಲಾಂದ್ರೆ ನಾನು ಒಲೆ ಆರಿಸ್ಬೇಕಾಗ್ತದೆ. ನೀವು ದಿನಾ ಚೀನಾ ಚೀನಾ ಅಂತೀರಲ್ಲ, ಹೆಂಗೆ ಮಾಡ್ತಾರೆ ಹೇಳಿ."

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಮೇಷ್ಟರುಗಳ ಬಾಯಲ್ಲಿ ಆ ಮಾತು ಅಷ್ಟು ಸುಲಭವಾಗಿ ಹೊರಡುವುದಿಲ್ಲ. "ಶಿಸ್ತು ಸಾಹೇಬರೇ, ಶಿಸ್ತು. ಅಲ್ಲಿ ಕೆಲಸದ ಹೊತ್ತಿನಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ" ಎಂದುಬಿಟ್ಟೆ. ಯಾವ ಪುಸ್ತಕದಲ್ಲಿ ಓದಿದ್ದೆನೋ, ದೇವರೇ ಬಲ್ಲ. ಅಷ್ಟಕ್ಕೇ ನಿಲ್ಲದೆ, ಚೀನಾದಲ್ಲಿ ಗೋಡೆಬರಹಗಳಿಂದಲೇ ಕ್ರಾಂತಿಯಾಯಿತೆಂದು ವಿವರಿಸಿ, ಸೀಮೆಸುಣ್ಣ ತಂದು, ಶೆಡ್ಡಿನ ಹೊಗೆ ಹಿಡಿದ ಗೋಡೆಯ ಮೇಲೆ ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ: 'ಮಾತು ಕಡಿಮೆ, ಗಂಟು ಕಡಿಮೆ.'

"ಏನು ಬರ್ದಿದ್ದೀರ ಓದಿ ಹೇಳಿ" ಅಂದಳು ನಾರಾಯಣಮ್ಮ. ಓದಿ ಹೇಳಿದೆ.

"ಓದಕ್ಕಾದ್ರೂ ಬಾಯಿ ಬೇಕಾಯ್ತಲ್ಲ ಮೇಷ್ಟ್ರೇ" ಎಂದು ನಕ್ಕಳು. ಮುಂದಿನ ಕೆಲವು ದಿನಗಳ ಮಟ್ಟಿಗೆ ಆ ಶೆಡ್ಡಿನ ಕೊನೆಯ ನಗು ಅದು.

ಎರಡು ದಿನ ಗೋಡೆಯಾಚೆಯಿಂದ ಚರಕದ ಕಿರುಗುಟ್ಟುವಿಕೆಯೊಂದೇ ಕೇಳಿಸಿತು. ನಾನು ನೆಮ್ಮದಿಯಾಗಿ ಚೀನಾ ಪಾಠದ ಟಿಪ್ಪಣಿ ಬರೆದೆ. ನೂಲಿನಲ್ಲಿ ಮಾತ್ರ ಗಂಟುಗಳು ಹೆಚ್ಚಿದವು. ಮೂರನೆಯ ದಿನ ಒಂದು ಚೀರಾಟ ಕೇಳಿ ಓಡಿದೆ. ನಾರಾಯಣಮ್ಮನ ಬಲಗೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಹಸೀನಾ ಅಳುತ್ತಲೇ ಹೇಳಿದಳು: "ಎಳೆ ತಪ್ಪಿ ಹೋದ್ರೆ ಅಕ್ಕ 'ನಿಲ್ಸೇ' ಅಂತ ಕೂಗ್ತಿದ್ಲು. ನಾನು ನಿಲ್ಸ್ತಿದ್ದೆ. ಈಗ ಕೂಗಂಗಿಲ್ಲ. ನಾನು ತಿರುಗಿಸ್ತಾನೇ ಇದ್ದೆ, ಅವಳು ಓಡೋ ಎಳೆ ಹಿಡಿಯಕ್ಕೆ ನೀರಿಗೇ ಕೈ ಹಾಕಿಬಿಟ್ಲು."

ಅವರ ಹರಟೆಯ ನಡುವೆ ಚರಕಕ್ಕೆ ಬೇಕಾದ ಮಾತೂ ಇತ್ತು. ಗೋಡೆಯಾಚೆ ಕೂತ ನನಗೆ ಎರಡೂ ಒಂದೇ ಗದ್ದಲವಾಗಿ ಕೇಳಿಸಿತ್ತು. ವರ್ಷವರ್ಷವೂ ಗುಬ್ಬಚ್ಚಿಗಳ ಪಾಠ ಹೇಳಿದವನು, ಪಕ್ಕದ ಶೆಡ್ಡಿನ ಗುಬ್ಬಚ್ಚಿಗಳನ್ನು ನಾನೇ ಓಡಿಸಿದ್ದೆ. ಹುಡುಗರ ಜೊತೆ ನಕ್ಕಿದ್ದ ನಗುವೆಲ್ಲ ನೆನಪಾಗಿ ನನಗೆ ತುಂಬ ನಾಚಿಕೆಯಾಯಿತು. ಸಾಹೇಬರು ಒದ್ದೆ ಬಟ್ಟೆಯಿಂದ ಗೋಡೆಯ ಬರಹ ಒರೆಸಿದರು.

ನಾರಾಯಣಮ್ಮ ಬರದೆ ಒಲೆ ಹೊತ್ತುವಂತಿರಲಿಲ್ಲ. ನಾಲ್ಕು ದಿನ ಬಿಟ್ಟು ಸಾಹೇಬರೂ ನಾನೂ ಅವಳ ಮನೆಗೆ ಹೋದೆವು. ಕೈಗೆ ಲೋಳೆಸರ ಹಚ್ಚಿಕೊಂಡು ಜಗಲಿಯ ಮೇಲೆ ಕೂತಿದ್ದಳು. ತಪ್ಪಾಯಿತು ಎಂದೆ. ಅವಳು, ತನಗೆ ತೋರಿಸಲೆಂದು ಸಾಹೇಬರು ತಂದಿದ್ದ ಚೀನಾ ಲಡಿಯನ್ನು ಎಡಗೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ನಿಧಾನವಾಗಿ ಸವರಿದಳು.

"ಒಳ್ಳೆ ಕೈ ಕಣಪ್ಪ ಇದು" ಅಂದಳು. ಚೀನಾದಲ್ಲಿ ಕೆಲಸ ಮಾಡುವುದು ಯಂತ್ರಗಳೆಂದು ನಾನು ಹೇಳಹೊರಟೆ. "ಯಂತ್ರ ಇರ್ಲಿ, ಬಿಸಿನೀರಲ್ಲಿ ಎಳೆ ಹುಡುಕೋಳು ಒಬ್ಳು ಇರಲೇಬೇಕಲ್ಲ? ಅವಳ ಕೈ ಬೆಂದ್ರೆ ಅಲ್ಲಿ ಏನು ಹಚ್ತಾರೆ ಮೇಷ್ಟ್ರೇ?"

ಸಾಮ್ರಾಜ್ಯ ಬಿದ್ದದ್ದು ಗೊತ್ತಿತ್ತು, ಕ್ರಾಂತಿ ಎದ್ದದ್ದು ಗೊತ್ತಿತ್ತು, ಯಾವ ನಾಯಕ ಯಾರನ್ನು ಕೆಳಗಿಳಿಸಿದ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಇದು ಗೊತ್ತಿರಲಿಲ್ಲ. ನನ್ನ ಮೇಷ್ಟರಗಿರಿಯಲ್ಲಿ ಮೊದಲ ಬಾರಿಗೆ "ಗೊತ್ತಿಲ್ಲಮ್ಮ" ಎಂದೆ.

"ತಿಳ್ಕಂಡು ಹೇಳಿ" ಎಂದು ಲಡಿಯನ್ನು ನನ್ನ ಕೈಗಿಟ್ಟಳು. "ಕೈ ವಾಸಿಯಾದ್ಮೇಲೆ ಬರ್ತೀನಿ ಸಾಬ್ರೇ. ಆದ್ರೆ ಮಾತಾಡ್ಕಂಡೇ ಬರೋದು."

ಅವಳು ಬಂದಳು. ಗೋಡೆಯಾಚೆ ಮತ್ತೆ ಗದ್ದಲ ಎದ್ದಿತು. ಗಂಟುಗಳಿದ್ದ ನಮ್ಮ ನೂಲು ಗಂಟುಗಳೊಡನೆಯೇ ಹೇಗೋ ಕೊಳ್ಳುವವರ ದಾರಿ ಹುಡುಕಿಕೊಂಡಿತು. ನಾನು ಚೀನಾದ ಟಿಪ್ಪಣಿಯ ಮೊದಲ ಪುಟದಲ್ಲಿ ಅವಳ ಪ್ರಶ್ನೆಯನ್ನು ಬರೆದು, ಕೆಳಗೆ ಉತ್ತರಕ್ಕೆಂದು ಜಾಗ ಬಿಟ್ಟು, ಗುರುತಿಗೆ ಈ ಲಡಿಯನ್ನು ಇಟ್ಟೆ. ಇವತ್ತು ಡ್ರಾಯರು ತೆಗೆದು ಮತ್ತೆ ಅದನ್ನು ಬೆರಳ ನಡುವೆ ಎಳೆದು ನೋಡಿದೆ. ಒಂದೂ ಗಂಟು ಸಿಗಲಿಲ್ಲ. ಉತ್ತರದ ಆ ಜಾಗ ಇನ್ನೂ ಖಾಲಿಯಾಗಿಯೇ ಇದೆ.