ಅಕ್ಕನ ಜಕ್ಕಲಿಯವರು, ನನ್ನ ನರಗುಂದದವರು

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಅಕ್ಕ ಸೀರೆ ನೇಯುತ್ತಿದ್ದಳು, ಇನ್ನೊಂದರಲ್ಲಿ ನಾನು. ನಡುವೆ ಒಂದು ಮೊಬೈಲು. ಅದರಲ್ಲಿ ಹಾರ್ಮೋನಿಯಂ ಪೇಟಿ ನುಡಿಸುತ್ತ ತಾವೇ ಕಟ್ಟಿದ ಪದ ಹಾಡುವ ಇಬ್ಬರು: ಒಬ್ಬರು ನರಗುಂದದವರು, ಒಬ್ಬರು ಜಕ್ಕಲಿಯವರು. ಅವರಲ್ಲಿ ಯಾರು ಹೆಚ್ಚು ಎಂಬ ನಮ್ಮ ಜಗಳಕ್ಕೆ ಹತ್ತು ವರ್ಷವಾದರೂ ಆಗಿರಬೇಕು.

ನಾನು ನರಗುಂದದವರ ಕಡೆ. ಮದುವೆ, ಸೀಮಂತ, ಹೊಸ ಮನೆ ಎಂದರೆ ಜನಕ್ಕೆ ಅವರೇ ಬೇಕು. ಪೇಟಿಯ ಮೇಲೆ ಅವರ ಬೆರಳು ಓಡಿದರೆ ಕೂತವರ ಮೊಣಕಾಲು ತಾನಾಗಿ ಕುಣಿಯುತ್ತಿತ್ತು. ಜಕ್ಕಲಿಯವರದು ಸಣ್ಣ ದನಿ. ಒಂದು ಸಾಲು ಹಾಡಿ, ಒಂದೇ ಸ್ವರ ಹಿಡಿದು ಸುಮ್ಮನೆ ಕೂತುಬಿಡುವರು. ಸತ್ತವರ ಮುಂದೆ ನಡೆಯುವ ಭಜನೆಗೆ ಸುತ್ತಲಿನ ಊರವರು ಕರೆಯುವುದು ಅವರನ್ನು.

"ನಿನ್ನ ಜಕ್ಕಲಿಯವ್ರು ಪದಾ ಮರತು ಕುಂತಾರೇನ?" ಎಂದು ನಾನು ಕೆಣಕುತ್ತಿದ್ದೆ.

"ನಿನ್ನವ್ರಿಗೆ ಉಸಿರು ಬಿಡಾಕೂ ಪುರುಸೊತ್ತಿಲ್ಲ. ಬಸ್ ತಪ್ಪತೈತೇನ ಅವ್ರಿಗೆ?" ಎನ್ನುವಳು ಅಕ್ಕ. ಗಂಡ ತೀರಿದ ದಿನ ಅವಳ ಅತ್ತೆಮನೆಯಲ್ಲಿ ಜಕ್ಕಲಿಯವರೇ ಹಾಡಿದ್ದರು. ಆ ದಿನ ತನ್ನ ಜೊತೆ ಖರೇ ಅತ್ತದ್ದು ಆ ಪೇಟಿಯೊಂದೇ ಎನ್ನುತ್ತಿದ್ದಳು.

ಹೋದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಇನ್ನು ಮನೆಗೆ ಕರೆದೊಯ್ಯಿರಿ ಎಂದರು ದವಾಖಾನೆಯಲ್ಲಿ. ಮಲಗಿದಲ್ಲಿಂದ ಅವಳು ಕೇಳಿದ್ದು ಒಂದೇ. "ಜಕ್ಕಲಿಯವ್ರನ್ನ ಒಮ್ಮೆ ಕರಸವ್ವಾ. ಎದುರಿಗೆ ಕುಂದರ್ಸಿ ಕೇಳಬೇಕು."

ಮೊಬೈಲಿನಲ್ಲಿ ಕೇಳುವುದು ಬೇರೆ, ಜೀವ ಇರುವಾಗ ಆ ಪೇಟಿ ಹೊಸ್ತಿಲು ದಾಟುವುದು ಬೇರೆ. ಓಣಿಯವರ ಮಾತು ಹಾಳಾಗಲಿ, ನನಗೇ ಹೆದರಿಕೆ. ದೊಡ್ಡ ಬುದ್ಧಿವಂತಳ ಹಾಗೆ ನರಗುಂದದವರನ್ನು ಕರೆಸಿದೆ.

ಪಾಪ, ಅವರು ಬಿಸಿಲಲ್ಲಿ ರೋಣ ಹಾದು ಬಂದು, ಮನಸ್ಸಿಟ್ಟು ನಾಲ್ಕು ಪದ ಹಾಡಿದರು. ಅಕ್ಕ ಗೋಡೆ ನೋಡುತ್ತ ಕೇಳಿದಳು. ಮುಗಿದಾಗ ಕೈಮುಗಿದು, "ಭಾಳ ಚಲೋ ಆತ್ರಿ" ಎಂದಳು. ಅವರು ಹೋದ ಮೇಲೆ ನನ್ನತ್ತ ತಿರುಗಿ, "ನೀನ ಗೆದ್ದಿ ಬಿಡು" ಎಂದಳು.

ಅಂಥ ಗೆಲುವು ಹಗೆಯವರಿಗೂ ಬೇಡ. ನಾಳೆಯೇ ಜಕ್ಕಲಿಯವರನ್ನು ಕರೆಸುತ್ತೇನೆ ಎನ್ನಲು ಬಾಯಿ ತೆರೆದೆ, ಹೆದರಿಕೆ ಮತ್ತೆ ಮುಚ್ಚಿಸಿತು. ಅದಾದ ಹನ್ನೊಂದನೆಯ ದಿನ ಅಕ್ಕ ಹೋದಳು. ಜಕ್ಕಲಿಯವರ ಪೇಟಿ ಬಾರದೆಯೇ ಸಾವು ಬಂದಿತ್ತು.

ಆಗ ಜಕ್ಕಲಿಯವರನ್ನು ಕರೆಸಿದೆವು. ಸತ್ತವರನ್ನು ಕೂರಿಸುವ ನಮ್ಮ ರೂಢಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನೆದುರು ಪೇಟಿ ಇಟ್ಟುಕೊಂಡು, "ಈ ತಾಯಿಗೆ ಯಾವ ಪದಾ ಸೇರ್ತಿತ್ರಿ?" ಎಂದು ನನ್ನನ್ನು ಕೇಳಿದರು.

"ನಿಮ್ಮವು ಎಲ್ಲಾನೂ ಸೇರ್ತಿದ್ವು ರೀ. ನೇಯುವಾಗ ದಿನಾ ಹಚ್ಚಿ ಕೇಳ್ತಿದ್ಲು."

ಪೇಟಿಗೆ ಗಾಳಿ ಹಾಕುತ್ತಿದ್ದ ಅವರ ಕೈ ನಿಂತಿತು. "ನನ್ನ ಪದಾನ? ಮೂವತ್ತ ವರ್ಷ ಆತ್ರಿ ಹಾಡಾಕ ಹತ್ತಿ. ಮಂದಿ ಜೀವಂತ ಇದ್ದಾಗ ಒಂದ ಮನಿಯವ್ರೂ ನನ್ನ ಕರದಿಲ್ಲ. ಈ ತಾಯಿ ಒಂದ ಮಾತು ಹೇಳಿ ಕಳಿಸಿದ್ರ ಓಡಿ ಬರ್ತಿದ್ನಲ್ರಿ."

ಕಣ್ಣೊರೆಸಿಕೊಂಡು ಅವರು ಹಾಡತೊಡಗಿದರು. ಅಕ್ಕ ಹೇಳಿದ್ದಳು, ಕಳಿಸದೆ ತಡೆದವಳು ನಾನು ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.