ಹೊಸ್ತಿಲಾಚೆ ನಿಂತ ಲೋಬಾನ

ಅವರ ಎಡಗೈಯ ಚರ್ಮ ಕರಗಿ ಮತ್ತೆ ಗಟ್ಟಿಯಾದ ಮೇಣದಂತೆ ನುಣ್ಣಗಿತ್ತು; ಕಿರುಬೆರಳೂ ಉಂಗುರದ ಬೆರಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಕೈಯಲ್ಲಿ ನವಿಲುಗರಿಯ ಬೀಸಣಿಗೆ, ಬಲಗೈಯಲ್ಲಿ ಧೂಪದ ಬಟ್ಟಲು. ಗುರುವಾರ ಸಂಜೆ ಹುಲಗೂರಿನ ಬಸ್ಸಿಳಿದು, ಚಹಾದಂಗಡಿಯ ಒಲೆಯಿಂದ ಕೆಂಡ ತುಂಬಿಕೊಂಡು, ಶಿಗ್ಗಾವಿ ಪೇಟೆಯ ಅಂಗಡಿ ಅಂಗಡಿಗೂ ಲೋಬಾನದ ಹೊಗೆ ಹಾಕುತ್ತ ಬರುತ್ತಿದ್ದ ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು.

ನಾನಾಗ ಕೈಗಾಡಿಯಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ಟು ಮಾರುತ್ತಿದ್ದೆ. "ಮುಂದ ಹೋಗಲೇ, ಬಾಗಲಾ ಬಿಡು" ಎಂದು ಅಂಗಡಿಕಾರರು ಗದರುತ್ತಿದ್ದ ಜಾಗದಲ್ಲೇ ಚಾಚಾ ನಿಂತು ನನ್ನ ಗಾಡಿಯ ಸುತ್ತ ಹೊಗೆ ಆಡಿಸಿದರು.

"ಗಾಡಿಗ್ಯಾರು ಲೋಬಾನ ಹಾಕತಾರ ಚಾಚಾ?" ಎಂದು ನಕ್ಕೆ.

"ದುಡಿಯೂದು ಇದೂ ಹೌದಲ್ಲೋ ತಮ್ಮಾ."

ನನ್ನನ್ನು ವ್ಯಾಪಾರಿ ಎಂದು ಲೆಕ್ಕಕ್ಕೆ ಹಿಡಿದ ಮೊದಲ ಮನುಷ್ಯ ಅವರು. ಮುಂದೆ ಅಂಗಡಿಯಾಯಿತು, ಹಿಂದೆ ಗೋದಾಮು, ಮೇಲೆ ಮನೆ. ಗುರುವಾರ ಚಾಚಾ ಮೇಲೆ ಬಂದು ಕೋಣೆ ಕೋಣೆಗೂ ಹೊಗೆ ಹಾಕಿ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು ಇಳಿಯುವುದು ರೂಢಿಯಾಯಿತು.

ಕೆಳಗೆ ತುಂಬಿದ ಪ್ಲಾಸ್ಟಿಕ್ಕು, ಮೇಲೆ ಮಲಗುವ ಮಕ್ಕಳು. ಹೊಗೆ ಕಂಡರೆ ಕೂಗುವ ಯಂತ್ರಗಳನ್ನು ಹುಬ್ಬಳ್ಳಿಯಿಂದ ಚೌಕಾಸಿ ಮಾಡಿ ತಂದು, ಗೋದಾಮಿಗೊಂದು, ನಡುಮನೆಗೊಂದು ಹಾಕಿಸಿದೆ. ಆ ಗುರುವಾರ ಚಾಚಾ ನಡುಮನೆಗೆ ಕಾಲಿಟ್ಟದ್ದೇ ತಡ, ತಲೆಯ ಮೇಲೆ ಅದು ಕಿರುಚಿತು. ಹೆಂಡತಿ ಗ್ಯಾಸ್ ಬಂದ್ ಮಾಡಿ ಮಕ್ಕಳನ್ನು ಎಳೆದುಕೊಂಡು ಹೊರಗೋಡಿದಳು. ಎದುರುಮನೆಯವರು ನೀರಿನ ಕೊಡ ಹಿಡಿದು ಒಳಗೋಡಿ ಬಂದರು.

"ನಾ ಏನ್ ಮಾಡೀನಿ ಯವ್ವಾ?" ಚಾಚಾ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ಕೇಳಿದರು.

"ಏನಿಲ್ರಿ ಚಾಚಾ, ನಿಮಗ ಸಲಾಂ ಹೊಡೀತದು!" ಎಂದು ಅವಳು ನಗಿಸಿದಳು.

ಹೊಗೆ ಹಾಕುವ ಹೊತ್ತಿಗೆ ಯಂತ್ರಕ್ಕೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರಾಯಿತು ಎಂದು ನಾನೇ ಉಪಾಯ ತೆಗೆದೆ. ಮುಂದಿನ ಗುರುವಾರ ಮನೆ ಶಾಂತ. ಅದರ ಮುಂದಿನ ಗುರುವಾರ ಚಾಚಾ ಬಂದಾಗ ಚೀಲ ಇನ್ನೂ ಅಲ್ಲೇ ಇತ್ತು. ಬಿಚ್ಚುವುದು ಯಾರಿಗೂ ನೆನಪಾಗಿರಲಿಲ್ಲ. ಚಾಚಾ ತಲೆಯೆತ್ತಿ ನೋಡಿದವರೇ ಬಟ್ಟಲನ್ನು ಹೊರಗೆ ಒಯ್ದಿಟ್ಟರು.

"ವಾರಪೂರ್ತಿ ಹಿಂಗ ಕಟ್ಟಿತ್ತೇನು? ಬಿಚ್ಚೋ ಮೊದಲ."

ಬಿಚ್ಚಿದೆ. ಅವರು ಮೆಟ್ಟಿಲ ಮೇಲೆ ಕೂತು ಎಡಗೈ ನೋಡಿಕೊಂಡರು.

"ನಾ ಸಂತೀಗೆ ಹೋಗಿದ್ನಿ. ಗುಡಸಲದಾಗ ಆಕಿ, ಕೂಸು ಮಲಗಿದ್ರು. ನಾ ಬರೂದ್ರಾಗ…" ಅಂಟಿದ ಬೆರಳುಗಳನ್ನು ಉಜ್ಜಿಕೊಂಡರು. "ನಮ್ಮನ್ಯಾಗ ಕೂಗಿ ಎಬ್ಬಸಾವ್ರು ಯಾರೂ ಇದ್ದಿಲ್ಲ ತಮ್ಮಾ. ನಿನ್ನ ಮನ್ಯಾಗ ಐತಿ. ಅದರ ಬಾಯಿ ಕಟ್ಟಬ್ಯಾಡ."

ಕೇಳದೆ ಇರಲಾಗಲಿಲ್ಲ. "ಮತ್ತ ಕೆಂಡ ಹಿಡಕೊಂಡ ಅಡ್ಡಾಡತೀರಲ್ಲ ಚಾಚಾ?"

"ಕೈಯಾಗಿದ್ರ ಅದು ಎಲ್ಲೈತಿ ಅಂತ ಗೊತ್ತಿರತೈತಿ."

ಅಂದಿನಿಂದ ಅವರು ಹೊಸ್ತಿಲು ದಾಟಲಿಲ್ಲ, ಆಚೆ ನಿಂತೇ ಹೊಗೆ ಹಾಕುತ್ತಿದ್ದರು. ಯಂತ್ರದ ಜಾಗ ಬದಲಿಸುತ್ತೇನೆ ಎಂದೆ, ಕಿಟಕಿ ತೆರೆದಿಡುತ್ತೇನೆ ಎಂದೆ. "ನನ್ನ ಸಲುವಾಗಿ ವಾರಾವಾರಾ ಸುಳ್ಳ ಕೂಗಿದ್ರ, ಖರೇನ ಕೂಗಿದ ದಿನ ಯಾರು ಏಳತೀರಿ?" ಎಂದರು. ದೊಡ್ಡ ದೊಡ್ಡ ಹೋಲ್‌ಸೇಲ್ ವ್ಯಾಪಾರಿಗಳನ್ನೇ ಮಾತಿನಲ್ಲಿ ಮಣಿಸಿದವನು ನಾನು. ಚಾಚಾರನ್ನು ಒಂದು ಗೇಣು ಒಳಗೆ ಕರೆತರಲು ಆಗಲಿಲ್ಲ. ಹೆಂಡತಿ ಮುನಿಸಿಕೊಂಡೇ ಚಹಾವನ್ನು ಮೆಟ್ಟಿಲಿಗೆ ಒಯ್ಯುತ್ತಿದ್ದಳು.

ಒಮ್ಮೊಮ್ಮೆ ಗಾಳಿಗೆ ಹೊಗೆಯ ಒಂದೆಳೆ ಒಳಗೆ ಹೋಗಿ ಯಂತ್ರ ಸಣ್ಣಗೆ ಕೂಗಿ ಸುಮ್ಮನಾಗುತ್ತಿತ್ತು. ಆಗ ಚಾಚಾರ ಮುಖ ನೋಡಬೇಕು. "ಎಚ್ಚರೈತಿ ನೋಡ!" ಎನ್ನುವರು, ಆ ಕಾವಲುಗಾರನನ್ನು ತಾವೇ ನೇಮಿಸಿದವರಂತೆ. ನಿಶ್ಚಿಂತೆಯಿಂದ ಇಳಿದು ಹೋಗುವರು.

ಈ ಮಳೆಗಾಲದಲ್ಲಿ ಒಂದು ಗುರುವಾರ ಅವರು ಬರಲಿಲ್ಲ. ಮರುದಿನ ಹುಲಗೂರಿನಿಂದ ಸೊಪ್ಪು ತರುವ ಹೆಣ್ಣುಮಗಳು ಬುಟ್ಟಿ ಇಳಿಸುತ್ತ, "ಚಾಚಾ ಹೋಗಿಬಿಟ್ರರಿ, ಮಲಗಿದಲ್ಲೇ," ಎಂದಳು. ನಾವು ಹುಲಗೂರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಹಸಿಮಣ್ಣಿನ ಮುಂದೆ ನಿಂತು ಬಂದೆವು.

ಇಂಥ ಯಂತ್ರ ಹಾಕಿಸುವವರಿಗೆ ಕೇಳದಿದ್ದರೂ ಹೇಳುತ್ತೇನೆ: ಒಲೆಯಿಂದ, ದೇವರ ದೀಪದಿಂದ ದೂರ ಹಾಕಿಸಿ. ಆಗಾಗ ಧೂಳು ಒರೆಸಿ. ಒಗ್ಗರಣೆಗೆ ಕೂಗಿತೆಂದು ಬ್ಯಾಟರಿ ಕೀಳಬೇಡಿ, ಎದ್ದು ಕಿಟಕಿ ತೆಗೆಯಿರಿ. ಅದರ ಬಾಯಿ ಮಾತ್ರ ಕಟ್ಟಬೇಡಿ. ಈ ಕೊನೆಯ ಮಾತು ನನ್ನದಲ್ಲ.

ಈಗ ಗುರುವಾರ ನನ್ನ ಹೆಂಡತಿಯೇ ಲೋಬಾನ ಹಾಕುತ್ತಾಳೆ, ಅವರಂತೆಯೇ ಹೊಸ್ತಿಲಾಚೆ ನಿಂತು. ಮೊನ್ನೆ ಗಾಳಿ ತಿರುಗಿ ಯಂತ್ರ ಸಣ್ಣಗೆ ಕೂಗಿತು. ಅವಳು ಬಟ್ಟಲು ಹಿಡಿದುಕೊಂಡೇ ಮೆಟ್ಟಿಲ ಕಡೆ ತಿರುಗಿದಳು. "ಎಚ್ಚರೈತಿ ನೋಡ" ಎಂಬ ಆ ಎರಡು ಮಾತನ್ನು ನಾನೇ ಹೇಳೋಣವೆಂದು ಬಾಯಿ ತೆರೆದೆ. ಆಗಲಿಲ್ಲ. ಯಂತ್ರವೂ ಸುಮ್ಮನಾಯಿತು.