ಅಪ್ಪನ ಅಂಗಿ

ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಮೇಜಿನ ಕೆಳಗಿದ್ದ ಯುಪಿಎಸ್ ಪೀಂ, ಪೀಂ ಎಂದು ಕೂಗಿಕೊಳ್ಳುತ್ತಿತ್ತು. ಆಗ ನಾಚಾರಂನ ನಮ್ಮ ಬೀದಿಯಲ್ಲಿ ಮನೆಗೊಂದು ಕಂಪ್ಯೂಟರ್. ಅಮೀರ್‌ಪೇಟ್‌ಗೆ ಕೋರ್ಸ್ ಕಲಿಯಲು ಹೋಗದ ಮಕ್ಕಳೇ ಇಲ್ಲ. ಆ ಸದ್ದು ಕೇಳಿದರೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತ ಮೂರು ವರ್ಷದ ಹುಡುಗಿ, "ಕರೆಂಟ್ ಹೋತ್ರೀ," ಎಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನಮ್ಮ ಮನೆಗೆಲಸದವಳ ಮಗಳು, ರಾಯಚೂರು ಕಡೆಯವರು. ಮೈ ಲಿಟಲ್ ಅನೌನ್ಸರ್ ಅನ್ನುತ್ತಿದ್ದೆ.

ಅವಳ ಅಪ್ಪನಿಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಕೆಲಸ. ನಮ್ಮ ಯುಪಿಎಸ್ ಬ್ಯಾಟರಿ ಸತ್ತಾಗ ಅವನ ಕೈಗೇ ಕೊಟ್ಟಿದ್ದೆ. ಅವನು ಬಿಚ್ಚಿಟ್ಟ ಅಂಗಿಯನ್ನು ತಾಯಿ ದಿನಾ ಜೊತೆಗೆ ತರುತ್ತಿದ್ದಳು. ಮಧ್ಯಾಹ್ನ ವರಾಂಡದಲ್ಲಿ ಮಗಳನ್ನು ಮಲಗಿಸಿ ಅದನ್ನೇ ಹೊಚ್ಚುತ್ತಿದ್ದಳು.

"ಅಪ್ಪನ ವಾಸನಿ ಇದ್ರ ಅಂಜಂಗಿಲ್ರಿ, ಅಮ್ಮಾರ. ಗಪ್ ಮಲಗತೈತಿ."

ಹುಡುಗಿ ಅಂಗಿಯ ಕಾಲರ್ ಚೀಪುತ್ತಾ ನಿದ್ದೆ ಹೋಗುತ್ತಿದ್ದಳು. ಹೌ ಸ್ವೀಟ್, ಅಂದುಕೊಂಡಿದ್ದೆ.

ಕೆಲವು ತಿಂಗಳಲ್ಲಿ ಅವಳ ಮಾತು ಕಡಿಮೆಯಾಯಿತು. ಯುಪಿಎಸ್ ಕೂಗಿದರೂ ಸುಮ್ಮನೆ ನೋಡುವಳು. ಆಮೇಲೊಂದು ದಿನ ವರಾಂಡದಲ್ಲೇ ಫಿಟ್ಸ್ ಬಂತು. ಗಾಳಿ ಸೋಕಿದೆ ಎಂದು ವಠಾರದವರು ಹೇಳಿದ್ದನ್ನು ತಾಯಿ ನನಗೆ ಹೇಳಿದಾಗ ಗದರಿದೆ. ಕಾನ್ವೆಂಟಿನಲ್ಲಿ ಸೈನ್ಸ್ ಓದಿದವಳಲ್ಲವೇ ನಾನು? ಆದರೆ ಫಿಟ್ಸ್ ಬಂದ ದಿನ, ನಡುಕ ನಿಂತು ಮಗು ಸುಸ್ತಾಗಿ ಮಲಗಿದಾಗ, ಅವಳು ಹೆದರದಿರಲೆಂದು ಆ ಅಂಗಿಯನ್ನು ಎಳೆದು ಹೊಚ್ಚಿದ್ದು ನನ್ನ ಕೈಯೇ.

ಮಕ್ಕಳ ನರರೋಗದ ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದ ಮೊದಲ ಪ್ರಶ್ನೆ, ತಂದೆಗೆ ಏನು ಕೆಲಸ ಎಂದು. ರಕ್ತಪರೀಕ್ಷೆಯಲ್ಲಿ ಸೀಸ ಸಿಕ್ಕಿತು. ಶೆಡ್ಡಿನ ಧೂಳು ಅಂಗಿಯಲ್ಲಿ ಮನೆಗೆ ಬಂದು, ಮಗುವಿನ ಬಾಯಿಗೆ ಹೋಗಿ, ಮೆದುಳನ್ನು ಮುಟ್ಟಿತ್ತು. ಫಿಟ್ಸ್‌ಗೆ ಔಷಧಿ ಇದೆ, ಸೀಸವನ್ನೂ ಇಳಿಸಬಹುದು, ಹೋದ ಮಾತು ಎಷ್ಟು ಮರಳುತ್ತದೋ ಹೇಳಲಾಗದು, ಎಂದರು.

ಹೊರಗಿನ ಬೆಂಚಿನ ಮೇಲೆ ತಾಯಿ, "ನಾನ ಹೊಚ್ಚಿದ್ನಲ್ರಿ," ಎಂದಳು.

"ನಾನೂ ಹೊಚ್ಚಿದೆನಲ್ಲ."

"ನೀವು ಓದಿದೋರ್ರಿ, ಅಮ್ಮಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆಸ್ಪತ್ರೆಯ ವಾರಗಳು ಮುಗಿದ ಮೇಲೆ ಮಗುವನ್ನು ಊರಿಗೆ, ಅಜ್ಜಿಯ ಹತ್ತಿರ ಕಳಿಸುವುದೆಂದಾಯಿತು. ನಾಂಪಲ್ಲಿ ಸ್ಟೇಷನ್ನಿಗೆ ನಾನೂ ಹೋದೆ. ಶೆಡ್ಡು ಬಿಟ್ಟು ಗಾರೆ ಕೆಲಸಕ್ಕೆ ಸೇರಿದ್ದ ಅಪ್ಪ ಹೊಸ ಅಂಗಿ ತೊಟ್ಟು ನಾಲ್ಕು ಮಾರು ದೂರ ನಿಂತಿದ್ದ. ಹುಡುಗಿ ಎರಡೂ ಕೈ ಚಾಚಿದಳು. ಅವನು ಅಪ್ಪಣೆ ಕೇಳುವವನಂತೆ ನನ್ನ ಕಡೆ ನೋಡಿದ.

"ಎತ್ಕೊಳ್ಳಪ್ಪ," ಎಂದೆ. "ಏನೂ ಆಗೋದಿಲ್ಲ."

ಎತ್ತಿಕೊಂಡ. ಅವಳು ಕಾಲರಿಗೆ ಮೂಗು ಒತ್ತಿದಳು, ಮುಖ ಹಿಂದಕ್ಕೆ ಎಳೆದು ಅವನನ್ನೇ ದಿಟ್ಟಿಸಿದಳು, ಮತ್ತೆ ಮೂಸಿ ನೋಡಿದಳು.

"ಸೋಪಿನ ವಾಸನಿ ಅವ್ವಾ ಅದು," ಎಂದ ಅವನು. "ನಾನ ಅದೀನಿ, ನಿಮ್ಮಪ್ಪ."

ರೈಲು ಹೊರಟಾಗ ಕಿಟಕಿಯ ಸರಳಿನಾಚೆ ತಾಯಿಯ ತೊಡೆಯ ಮೇಲಿಂದ ಅವಳು, ಪ್ಲಾಟ್‌ಫಾರ್ಮಿನಲ್ಲಿ ನಿಂತ ಅಪ್ಪನ ಹೊಸ ಅಂಗಿಯನ್ನೇ ಇನ್ನೂ ನೋಡುತ್ತಿದ್ದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.